ಯಾರೂ ಬಳಸದ ಕರ್ನಲ್ ಕೋಡ್ ತೆಗೆಯುವುದು: ಅನುಮಾನದಿಂದ ಅಳಿಸುವವರೆಗೆ

ಲಿನಕ್ಸ್ ಕರ್ನಲ್‌ನಿಂದ ಒಂದು ಹಳೆಯ ಐಎಸ್‌ಎ (ಹಳೆಯ ಪಿಸಿಗಳಲ್ಲಿ ಕಾರ್ಡ್ ಸಿಕ್ಕಿಸುತ್ತಿದ್ದ ಸ್ಲಾಟಿನ ಬಗೆ) ನೆಟ್‌ವರ್ಕ್ ಕಾರ್ಡ್ ಡ್ರೈವರ್ ತೆಗೆಯುವ ಕೆಲಸ ಈಗಷ್ಟೇ ಮುಗಿದಿದೆ. ಅಳಿಸುವುದು ಒಂದು ಕಮಾಂಡಿನ ಕೆಲಸ. ಅಳಿಸಬಹುದೋ ಬೇಡವೋ ಅಂತ ತೀರ್ಮಾನಕ್ಕೆ ಬರುವುದೇ ನಿಜವಾದ ಕೆಲಸ, ಅದರಲ್ಲೂ ಮುಕ್ಕಾಲು ಪಾಲು ಕಾಯುವುದು. ಇದೇ ದಾರಿ ಹಿಡಿಯುವವರಿಗೆ ಎಲ್ಲಿ ಎಡವುತ್ತೇವೆ ಅಂತ ಮೊದಲೇ ತಿಳಿದಿರಲಿ ಎಂದು ಹಂತ ಹಂತವಾಗಿ ಬರೆದಿದ್ದೇನೆ.

ಈ ಪ್ರಶ್ನೆ ಸುಮ್ಮನೆ ಕೂತಾಗ ಹುಟ್ಟುವುದಲ್ಲ. ಕರ್ನಲ್ ಒಳಗಿನ ಯಾವುದೋ ಇಂಟರ್‌ಫೇಸ್ ಬದಲಾಯಿಸಲು ಹೊರಟಾಗ ಎದುರಾಗುತ್ತದೆ. ಒಂದು ಫಂಕ್ಷನ್‌ಗೆ ಹೊಸ ಆರ್ಗ್ಯುಮೆಂಟ್ ಸೇರಿಸಿದರೆ ಅದನ್ನು ಕರೆಯುವ ಎಲ್ಲ ಡ್ರೈವರ್‌ಗಳನ್ನೂ ತಿದ್ದಬೇಕು; ಕರ್ನಲ್‌ನಲ್ಲಿ ಇಂಟರ್‌ಫೇಸ್ ಬದಲಿಸಿದವರೇ ಅದರ ಬಳಕೆದಾರ ಕೋಡನ್ನೂ ಸರಿಮಾಡುವುದು ವಾಡಿಕೆ. ಹೀಗೆ ತಿದ್ದುತ್ತಾ ಹೋದಾಗ ಯಾವುದೋ ಮೂಲೆಯ ಡ್ರೈವರ್ ಸಿಗುತ್ತದೆ. ಅದರ ಕಾರ್ಡ್ ಯಾರ ಬಳಿಯೂ ಇಲ್ಲ, ತಿದ್ದಿದ್ದು ಓಡುತ್ತದೋ ಇಲ್ಲವೋ ನೋಡುವ ದಾರಿಯಿಲ್ಲ. ಕಂಪೈಲ್ ಆಯಿತು ಅನ್ನುವುದೊಂದೇ ಸಮಾಧಾನ. ರೈಸರ್‌ಎಫ್‌ಎಸ್ ಫೈಲ್ ಸಿಸ್ಟಮ್ ವಿಷಯ 2022ರಲ್ಲಿ ಮೇಲೆ ಬಂದದ್ದೂ ಹೀಗೆಯೇ. ಪೇಜ್ ಕ್ಯಾಶ್ (ಫೈಲ್‌ಗಳ ಡೇಟಾವನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ವ್ಯವಸ್ಥೆ) ಸುತ್ತಲಿನ ಇಂಟರ್‌ಫೇಸ್‌ಗಳನ್ನು ಹೊಸದಾಗಿಸುತ್ತಿದ್ದ ಕರ್ನಲ್ ಡೆವಲಪರ್ ಮ್ಯಾಥ್ಯೂ ವಿಲ್ಕಾಕ್ಸ್, ಇದನ್ನು ಇನ್ನೂ ಹೊತ್ತುಕೊಂಡು ಹೋಗಬೇಕೇ ಎಂದು ಕೇಳಿದರು.

ಮೊದಲಿಗೇ ಒಂದು ಮಾತು. ‘ಅಳಿಸಿದರೆ ಕರ್ನಲ್ ಹಗುರಾಗುತ್ತದೆ, ವೇಗವಾಗುತ್ತದೆ’ ಅನ್ನುವ ವಾದ ಹಿಡಿದು ಹೋಗಬೇಡಿ, ಯಾರೂ ಒಪ್ಪುವುದಿಲ್ಲ. ಮಾಡ್ಯೂಲ್ (ಬೇಕಾದಾಗ ಮಾತ್ರ ಕರ್ನಲ್‌ಗೆ ಸೇರಿಕೊಳ್ಳುವ ತುಂಡು) ಆಗಿ ಇರುವ ಡ್ರೈವರ್ ಲೋಡ್ ಆಗದಿದ್ದರೆ ಮೆಮೊರಿಯಲ್ಲಿ ಒಂದು ಬೈಟನ್ನೂ ತಿನ್ನುವುದಿಲ್ಲ. ನಿಜವಾದ ಖರ್ಚು ಮನುಷ್ಯರ ಸಮಯದ್ದು: ಪ್ರತಿ ದೊಡ್ಡ ಬದಲಾವಣೆಗೂ ಆ ಫೈಲ್ ತಿದ್ದಬೇಕು, ಪರಿಶೀಲಿಸಬೇಕು, ಸ್ವಯಂಚಾಲಿತ ಪರೀಕ್ಷೆಗಳು ಅದರಲ್ಲಿ ಕಂಡ ದೋಷಕ್ಕೆ ಉತ್ತರ ಕೊಡಬೇಕು. ಎರಡನೆಯದು ಭದ್ರತೆ. ಡಿಸಿಸಿಪಿ ಅನ್ನುವ ನೆಟ್‌ವರ್ಕ್ ಪ್ರೋಟೋಕಾಲ್ ಕರ್ನಲ್‌ಗೆ ಬಂದದ್ದು 2005ರಲ್ಲಿ. ಅದನ್ನು ಬಳಸುವವರು ಹುಡುಕಿದರೂ ಸಿಗುತ್ತಿರಲಿಲ್ಲ. ಆದರೆ ಮಾಡ್ಯೂಲ್ ಇದ್ದ ಯಂತ್ರದಲ್ಲಿ ಯಾವುದೇ ಸಾಮಾನ್ಯ ಬಳಕೆದಾರ ಆ ಬಗೆಯ ಸಾಕೆಟ್ ತೆರೆದರೆ ಸಾಕು, ಮಾಡ್ಯೂಲ್ ತಾನೇ ಲೋಡ್ ಆಗುತ್ತಿತ್ತು. 2017ರಲ್ಲಿ ಸಿಕ್ಕ ಸಿವಿಇ-2017-6074 ದೋಷ ಹತ್ತು ವರ್ಷಕ್ಕೂ ಮೀರಿ ಅಲ್ಲೇ ಕೂತಿತ್ತು, ಅದನ್ನು ಬಳಸಿಕೊಂಡು ರೂಟ್, ಅಂದರೆ ಯಂತ್ರದ ಪೂರ್ಣ ಅಧಿಕಾರವುಳ್ಳ ಬಳಕೆದಾರ ಆಗಬಹುದಿತ್ತು. ಕೊನೆಗೆ 2025ರ 6.16 ಆವೃತ್ತಿಯಲ್ಲಿ ಡಿಸಿಸಿಪಿಯನ್ನೇ ತೆಗೆದರು. ಯಾರೂ ಬಳಸದ ಕೋಡ್ ಅಂದರೆ ಯಾರೂ ನೋಡದ ಕೋಡ್ ಕೂಡ.

ಕರ್ನಲ್‌ನ ಹೊಟ್ಟೆಯೊಳಗೇ ಇರುವ ಹಳೆಯ ಕೋಡ್‌ನ ಲೆಕ್ಕ ಬೇರೆ. 80386 ಪ್ರೊಸೆಸರ್‌ನಲ್ಲಿ ಸಿಎಂಪಿಎಕ್ಸ್‌ಸಿಎಚ್‌ಜಿ (ಮೆಮೊರಿಯ ಬೆಲೆಯನ್ನು ಹೋಲಿಸಿ ಬದಲಿಸುವ) ಇನ್‌ಸ್ಟ್ರಕ್ಷನ್ ಇರಲಿಲ್ಲ. ಕರ್ನಲ್ ಮೋಡ್‌ನಲ್ಲಿ ಬರೆಯುವಾಗ ಅದು ಪೇಜಿನ ‘ಓದಲು ಮಾತ್ರ’ ಗುರುತನ್ನು ಲೆಕ್ಕಿಸುತ್ತಲೂ ಇರಲಿಲ್ಲ. ಈ ಎರಡು ಕೊರತೆ ಮುಚ್ಚಲು ಎಲ್ಲರೂ ಓದಬೇಕಾದ ಮುಖ್ಯ ಫೈಲ್‌ಗಳಲ್ಲೇ ವಿಶೇಷ ದಾರಿಗಳಿದ್ದವು. 2013ರ 3.8ರಲ್ಲಿ 386 ಬೆಂಬಲ ತೆಗೆದಾಗ ಹೋದ ಸಾಲುಗಳು ಕಡಿಮೆ, ಆದರೆ ತಪ್ಪಿದ ತಲೆನೋವು ದೊಡ್ಡದು. ಒಂದು ಡ್ರೈವರ್ ತನ್ನ ಡೈರೆಕ್ಟರಿಯಲ್ಲಿ ತಣ್ಣಗೆ ಕೂತಿದ್ದರೆ ಅಷ್ಟು ಆತುರ ಬೇಕಿಲ್ಲ.

ಈಗ ಹುಡುಕಾಟ. ‘ಬಳಕೆಯಲ್ಲಿಲ್ಲ’ ಅನ್ನುವುದರಲ್ಲಿ ಮೂರು ಬಗೆಗಳಿವೆ: ಯಾರೂ ಕರೆಯದ ಫಂಕ್ಷನ್; ಯಾವ ಕಾನ್ಫಿಗ್‌ನಲ್ಲೂ (ಕರ್ನಲ್‌ನ ಯಾವ ಭಾಗ ಬೇಕೆಂಬ ಆಯ್ಕೆಗಳ ಪಟ್ಟಿ) ಬಿಲ್ಡ್ ಆಗಲು ಸಾಧ್ಯವಿಲ್ಲದ ಕೋಡ್; ಬಿಲ್ಡ್ ಆಗುತ್ತದೆ, ಓಡಲೂಬಹುದು, ಆದರೆ ಓಡಿಸುವವರಿಲ್ಲದ ಕೋಡ್. ಮೊದಲೆರಡನ್ನು ಯಂತ್ರದಿಂದಲೇ ಸಾಬೀತು ಮಾಡಬಹುದು. ಮೂರನೆಯದನ್ನು ಯಾರಿಂದಲೂ ಸಾಬೀತು ಮಾಡಲಾಗದು, ಜನರನ್ನೇ ಕೇಳಬೇಕು.

ಮೊದಲ ಬಗೆಗೆ ‘ಗಿಟ್ ಗ್ರೆಪ್’ (ಇಡೀ ಕೋಡ್‌ನಲ್ಲಿ ಒಂದು ಹೆಸರು ಹುಡುಕುವ ಕಮಾಂಡ್) ಹಾಕಿ, ಫಲಿತಾಂಶ ಬರಲಿಲ್ಲ ಅಂತ ಅಳಿಸಿಬಿಡುವ ಹುಮ್ಮಸ್ಸು ಬರುತ್ತದೆ. ತಡೆಯಿರಿ. ಕರ್ನಲ್‌ನಲ್ಲಿ ಹೆಸರುಗಳನ್ನು ಮ್ಯಾಕ್ರೋಗಳು ತುಂಡು ಜೋಡಿಸಿ ಹುಟ್ಟಿಸುತ್ತವೆ. ‘ಸಿಸ್_ರೀಬೂಟ್’ ಫಂಕ್ಷನ್‌ನ ವ್ಯಾಖ್ಯೆ ಎಲ್ಲಿದೆ ಅಂತ ಹುಡುಕಿ ನೋಡಿ, ಆ ಹೆಸರಿನಲ್ಲಿ ಸಿಗದು. ‘ಸಿಸ್ಕಾಲ್_ಡಿಫೈನ್4’ ಮ್ಯಾಕ್ರೋದ ಒಳಗೆ ಬರೀ ‘ರೀಬೂಟ್’ ಅಂತಿರುತ್ತದೆ. ‘ಸೆಟ್‌ಪೇಜ್‌ರಿಸರ್ವ್ಡ್’ ತರಹದ ಪೇಜ್ ಫ್ಲ್ಯಾಗ್ ಫಂಕ್ಷನ್‌ಗಳೂ ಹಾಗೆಯೇ. ಕರೆಯುವ ಕಡೆ ಹೆಸರು ತುಂಡಾಗಿದ್ದರೆ ಜೀವಂತ ಫಂಕ್ಷನ್ ಸತ್ತಂತೆ ಕಾಣುತ್ತದೆ. ಅಸೆಂಬ್ಲಿ ಫೈಲ್‌ಗಳಿಂದ ಮಾತ್ರ ಕರೆಸಿಕೊಳ್ಳುವ ಫಂಕ್ಷನ್‌ಗಳಿವೆ. ಬೂಟ್ ಆಗುವಾಗ ಲಿಂಕರ್ ಸೆಕ್ಷನ್ ಮೂಲಕ ಓಡುವ ಇನಿಟ್‌ಕಾಲ್‌ಗಳನ್ನು, ಕಮಾಂಡ್ ಲೈನ್ ಆಯ್ಕೆಗಳ ಹ್ಯಾಂಡ್ಲರ್‌ಗಳನ್ನು ಹೆಸರು ಹಿಡಿದು ಯಾರೂ ಕರೆಯುವುದೇ ಇಲ್ಲ. ‘ವೀಕ್’ ಗುರುತಿನ ಫಂಕ್ಷನ್ ಒಂದು ಆರ್ಕಿಟೆಕ್ಚರ್‌ನಲ್ಲಿ ಬೇಡವಾದರೂ ಇನ್ನೊಂದರಲ್ಲಿ ಅದೇ ಆಧಾರ. ಆದ್ದರಿಂದ ಪೂರ್ತಿ ಹೆಸರಿನ ಜೊತೆ ಹೆಸರಿನ ಬಾಲವನ್ನೂ ತಲೆಯನ್ನೂ ಬೇರೆ ಬೇರೆಯಾಗಿ ಹುಡುಕಿ, ‘.ಎಸ್’ ಫೈಲ್‌ಗಳನ್ನು ಬಿಡಬೇಡಿ.

ಕಂಪೈಲರ್ ಎಚ್ಚರಿಕೆಯನ್ನೂ ಪೂರ್ತಿ ನಂಬುವಂತಿಲ್ಲ. ಫೈಲಿನೊಳಗಿನ ‘ಸ್ಟ್ಯಾಟಿಕ್’ ಫಂಕ್ಷನ್ ಬಳಕೆಯಾಗದಿದ್ದರೆ ಜಿಸಿಸಿ ಹೇಳುತ್ತದೆ, ‘ಸ್ಟ್ಯಾಟಿಕ್ ಇನ್‌ಲೈನ್’ ಆಗಿದ್ದರೆ ಹೇಳುವುದಿಲ್ಲ. ಹೊರಗೆ ಕಾಣುವ ಫಂಕ್ಷನ್ ಆಗಿದ್ದರೆ ಬೇರೆ ಫೈಲ್ ಕರೆಯಬಹುದು ಅಂತ ಸುಮ್ಮನಿರುತ್ತದೆ. ಮಾಡ್ಯೂಲ್‌ಗಳಿಗೆಂದು ಎಕ್ಸ್‌ಪೋರ್ಟ್ ಮಾಡಿದ ಸಿಂಬಲ್ ಆದರೆ ನಿಯಮ ಸರಳ: ಕರ್ನಲ್ ಮರದೊಳಗೆ, ಅಂದರೆ ಕರ್ನಲ್‌ನ ಮೂಲ ಕೋಡ್‌ನೊಳಗೆ ಬಳಸುವವರಿಲ್ಲದಿದ್ದರೆ ತೆಗೆಯಬಹುದು. ಹೊರಗಿನ ಮಾಡ್ಯೂಲ್ ಮುರಿಯಿತು ಅನ್ನುವುದು ಒಪ್ಪುವ ಆಕ್ಷೇಪವಲ್ಲ. ಕಠಿಣ ಅನಿಸಬಹುದು, ಆದರೆ ಈ ನಿಯಮ ಇಲ್ಲದಿದ್ದರೆ ಒಂದು ಸಾಲನ್ನೂ ಅಲುಗಿಸಲಾಗದು.

ಎರಡನೆಯ ಬಗೆ ಸುಲಭ. ಕರ್ನಲ್‌ನ ‘ಸ್ಕ್ರಿಪ್ಟ್ಸ್’ ಡೈರೆಕ್ಟರಿಯಲ್ಲಿ ‘ಚೆಕ್‌ಕೆಕಾನ್ಫಿಗ್‌ಸಿಂಬಲ್ಸ್.ಪಿವೈ’ ಇದೆ. ಎಲ್ಲೂ ವ್ಯಾಖ್ಯೆಯಿಲ್ಲದ ಕಾನ್ಫಿಗ್ ಹೆಸರುಗಳನ್ನು ಅದು ಪಟ್ಟಿ ಮಾಡಿಕೊಡುತ್ತದೆ. ಆ ಹೆಸರಿನ ‘ಇಫ್‌ಡೆಫ್’ ಒಳಗಿನ ಕೋಡ್ ಎಂದೂ ಬಿಲ್ಡ್ ಆಗದು. ಅಳಿಸುವ ಮುನ್ನ ಒಂದು ಸಲ ನೋಡಿ, ಕೆಲವು ಬರೀ ಅಕ್ಷರ ತಪ್ಪುಗಳು. ಅಲ್ಲಿ ಬೇಕಾದದ್ದು ಅಳಿಸುವುದಲ್ಲ, ತಿದ್ದುವುದು.

ನಮ್ಮ ಡ್ರೈವರ್ ಮೂರನೆಯ ಬಗೆಯದು. ಇದಕ್ಕೆ ಸಾಕ್ಷಿ ಗಿಟ್ ಇತಿಹಾಸದಲ್ಲಿ ಸಿಗುತ್ತದೆ. ಫೈಲಿನ ಲಾಗ್ ತೆಗೆದು ಒಂದೊಂದೇ ಕಮಿಟ್ (ದಾಖಲಾದ ಬದಲಾವಣೆ) ಓದಿ. ಇಡೀ ಮರಕ್ಕೆ ಒಟ್ಟಿಗೆ ಬಂದ ಬದಲಾವಣೆಗಳನ್ನು, ಅಂದರೆ ಲೈಸೆನ್ಸ್ ಗುರುತು ಹಾಕಿದ್ದು, ಇಂಟರ್‌ಫೇಸ್ ಹೆಸರು ಬದಲಾದದ್ದು, ಕಾಮೆಂಟಿನ ಕಾಗುಣಿತ ತಿದ್ದಿದ್ದು, ಇವನ್ನೆಲ್ಲ ಬದಿಗಿಡಿ. ಉಳಿದವುಗಳಲ್ಲಿ ‘ಈ ಕಾರ್ಡ್ ಹಾಕಿ ನೋಡಿದೆ, ಹೀಗಾಯಿತು’ ಅನ್ನುವ ಕೊನೆಯ ಕಮಿಟ್ ಯಾವುದು? ಆ ತಾರೀಖೇ ಈ ಕೋಡ್‌ನ ಕೊನೆಯ ಉಸಿರು. ಬಲವಾದ ಸಾಕ್ಷಿ ಇನ್ನೊಂದಿದೆ: ಒಂದು ಸಾಮೂಹಿಕ ಬದಲಾವಣೆಯಲ್ಲಿ ಡ್ರೈವರ್ ಲೋಡ್ ಆದೊಡನೆ ಕುಸಿಯುವಂಥ ತಪ್ಪು ನುಸುಳಿ, ಹಲವು ಆವೃತ್ತಿ ಕಳೆದರೂ ಯಾರೂ ದೂರದಿದ್ದರೆ, ಬಳಸುವವರಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ಎಲ್ಲ ಡ್ರೈವರ್‌ಗಳಲ್ಲೂ ಇಂಥ ಅದೃಷ್ಟ ಸಿಗುವುದಿಲ್ಲ.

ಆಮೇಲೆ ಮೇಂಟೇನರ್ಸ್ ಫೈಲ್, ಯಾವ ಭಾಗವನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನುವ ಪಟ್ಟಿ. ಅಲ್ಲಿ ಪ್ರತಿ ಭಾಗಕ್ಕೂ ಒಂದು ಸ್ಥಿತಿ ಬರೆದಿರುತ್ತದೆ: ಸಪೋರ್ಟೆಡ್, ಮೇಂಟೇನ್ಡ್, ಆಡ್ ಫಿಕ್ಸಸ್, ಆರ್ಫನ್, ಆಬ್ಸಲೀಟ್. ಆರ್ಫನ್ (ನೋಡಿಕೊಳ್ಳುವವರಿಲ್ಲದ್ದು) ಅಂದಮಾತ್ರಕ್ಕೆ ಬಳಕೆದಾರರಿಲ್ಲ ಅಂತ ಅರ್ಥವಲ್ಲ. ಫ್ಲಾಪಿ ಡ್ರೈವರನ್ನು 2019ರಲ್ಲಿ ಆರ್ಫನ್ ಎಂದು ಗುರುತಿಸಿದ್ದರು, ನಿಜವಾದ ಫ್ಲಾಪಿ ಯಂತ್ರ ಇಟ್ಟುಕೊಂಡು ಪರೀಕ್ಷಿಸುವವರೇ ಉಳಿದಿರಲಿಲ್ಲ. ಆದರೆ ವರ್ಚುವಲ್ ಮೆಷಿನ್‌ಗಳು ಫ್ಲಾಪಿಯನ್ನು ಅನುಕರಿಸುತ್ತಲೇ ಇದ್ದವು. ಮುಂದೆ ಅದಕ್ಕೆ ಹೊಸ ಮೇಂಟೇನರ್ ಸಿಕ್ಕರು, ಡ್ರೈವರ್ ಉಳಿಯಿತು. ಕಲಿಯಬೇಕಾದ್ದು ಇಷ್ಟೇ: ಕಾರ್ಡ್ ಮಾರುಕಟ್ಟೆಯಲ್ಲಿ ಇಲ್ಲ ಅಂದುಕೊಳ್ಳುವ ಮೊದಲು ಎಮ್ಯುಲೇಟರ್‌ಗಳ ಪಟ್ಟಿ ನೋಡಿ. ಹಳೆಯ ನೆಟ್‌ವರ್ಕ್ ಕಾರ್ಡ್‌ಗಳಲ್ಲಿ ಎನ್‌ಇ2000 ಜಾತಿಯದನ್ನು ಕ್ಯೂಎಮು ಎಮ್ಯುಲೇಟರ್ ಇವತ್ತಿಗೂ ಅನುಕರಿಸುತ್ತದೆ.

ವಯಸ್ಸನ್ನು ಕಾರಣವಾಗಿ ಮುಂದಿಡುವವರು ಎಂ68ಕೆ ಕಡೆ ನೋಡಬೇಕು. ಅಮಿಗಾ, ಅಟಾರಿ ಕಾಲದ ಆರ್ಕಿಟೆಕ್ಚರ್ ಅದು. ಬೂಟ್ ಮಾಡಿ ನೋಡುವವರಿದ್ದಾರೆ, ಪ್ಯಾಚ್‌ಗೆ (ಕಳಿಸಿದ ಕೋಡ್ ಬದಲಾವಣೆಗೆ) ಉತ್ತರಿಸುವ ಮೇಂಟೇನರ್ ಇದ್ದಾರೆ, ಹಾಗಾಗಿ ಅದು ಇದೆ. 2018ರ 4.17ರಲ್ಲಿ ಕರ್ನಲ್ ಡೆವಲಪರ್ ಆರ್ನ್ಡ್ ಬರ್ಗ್‌ಮನ್ ಮುಂದೆ ನಿಂತು ಬ್ಲ್ಯಾಕ್‌ಫಿನ್, ಕ್ರಿಸ್, ಎಫ್‌ಆರ್‌ವಿ, ಎಂ32ಆರ್, ಮೆಟಾಗ್, ಎಂಎನ್10300, ಸ್ಕೋರ್, ಟೈಲ್ ಎಂಬ ಎಂಟು ಆರ್ಕಿಟೆಕ್ಚರ್‌ಗಳನ್ನು ಒಂದೇ ಸಲಕ್ಕೆ ತೆಗೆಸಿದರು. ಅವುಗಳಲ್ಲಿ ಹಲವು ಎಂ68ಕೆಗಿಂತ ಎಷ್ಟೋ ಹೊಸವು, ನೋಡಿಕೊಳ್ಳುವವರು ಮಾತ್ರ ಇರಲಿಲ್ಲ.

ಸಾಕ್ಷಿ ಕೂಡಿದ ಮೇಲೆ ಪ್ರಸ್ತಾಪ ಕಳಿಸಬೇಕು. ‘ಗೆಟ್_ಮೇಂಟೇನರ್.ಪಿಎಲ್’ ಸ್ಕ್ರಿಪ್ಟ್ ಯಾರಿಗೆ ಕಳಿಸಬೇಕು ಅಂತ ಹೇಳುತ್ತದೆ. ಅದರ ಜೊತೆಗೆ ಇತಿಹಾಸದಲ್ಲಿ ನಿಜವಾದ ಪರೀಕ್ಷೆ ಮಾಡಿದ ಕೊನೆಯವರ ಹೆಸರನ್ನೂ ಕೈಯಾರೆ ಸೇರಿಸಿ. ಸ್ಕ್ರಿಪ್ಟ್ ಅಷ್ಟು ಹಿಂದಕ್ಕೆ ಹೋಗುವುದಿಲ್ಲ. ಹಲವು ವಿಳಾಸಗಳಿಂದ ಪತ್ರ ವಾಪಸ್ ಬರುತ್ತದೆ. ಬೇಸರ ಬೇಡ, ಅದನ್ನೂ ಕಮಿಟ್ ಸಂದೇಶದಲ್ಲಿ ಒಂದು ಸಾಲಾಗಿ ಬರೆಯಬಹುದು. ಪ್ರಸ್ತಾಪದಲ್ಲಿ ಇರಬೇಕಾದದ್ದು: ಯಂತ್ರಾಂಶ ಯಾವುದು, ಕೊನೆಯ ನಿಜವಾದ ಬದಲಾವಣೆ ಯಾವಾಗ, ಇದನ್ನು ಉಳಿಸಿಕೊಂಡರೆ ಈಗ ಯಾವ ಕೆಲಸ ನಿಲ್ಲುತ್ತದೆ, ಬಳಸುವವರಿದ್ದರೆ ಬದಲಿ ದಾರಿ ಏನು. ಮೂರನೆಯದನ್ನು ಬಿಟ್ಟು ಬರೀ ‘ಹಳೆಯದಾಗಿದೆ’ ಅಂದರೆ ‘ಇದ್ದರೆ ನಿಮಗೇನು ತೊಂದರೆ?’ ಅಂತ ಕೇಳುತ್ತಾರೆ. ಕೇಳುವುದು ನ್ಯಾಯವೇ.

ಇಲ್ಲಿಂದ ಕಾಯುವ ಕಾಲ. ಹೆಚ್ಚಾಗಿ ಮೌನವೇ ಉತ್ತರ, ಮೌನವನ್ನು ಒಪ್ಪಿಗೆ ಅಂತ ಓದಿಕೊಳ್ಳುವ ಆಸೆಯೂ ಆಗುತ್ತದೆ. ಹಳೆಯ ಯಂತ್ರ ಓಡಿಸುವವರು ಕರ್ನಲ್ ಅಭಿವೃದ್ಧಿಯ ಪತ್ರಗಳನ್ನು ಓದುವುದಿಲ್ಲ, ಅವರ ಕರ್ನಲ್ ಐದಾರು ವರ್ಷ ಹಳೆಯದಿರಬಹುದು. ಉತ್ತರ ಬಂದರೆ ಎರಡು ಥರ. ‘ನನ್ನ ಅಟ್ಟದ ಮೇಲೆ ಈ ಕಾರ್ಡ್ ಇದೆ’ ಅನ್ನುವುದು ಒಂದು. ಇದು ನೆನಪು, ಬಳಕೆಯಲ್ಲ. ‘ನಮ್ಮಲ್ಲಿ ಓಡುತ್ತಿದೆ, ಪ್ಯಾಚ್ ಕಳಿಸಿ, ಪರೀಕ್ಷೆ ಮಾಡಿ ಹೇಳುತ್ತೇನೆ’ ಅನ್ನುವುದು ಇನ್ನೊಂದು. ಅಲ್ಲಿಗೆ ಅಳಿಸುವ ಮಾತು ಮುಗಿಯಿತು, ಪರೀಕ್ಷಕರು ಸಿಕ್ಕರು ಅಂತ ಖುಷಿಪಡಿ. ಎಕ್ಸ್32 ಎಬಿಐ (64 ಬಿಟ್ ಪ್ರೊಸೆಸರ್‌ನಲ್ಲಿ 32 ಬಿಟ್ ಪಾಯಿಂಟರ್ ಬಳಸುವ ಏರ್ಪಾಡು) ತೆಗೆಯುವ ಪ್ರಸ್ತಾಪ 2018ರ ಡಿಸೆಂಬರ್‌ನಲ್ಲಿ ಬಂದಾಗ ಬಳಸುವವರು ಮುಂದೆ ಬಂದರು, ಪ್ರಸ್ತಾಪ ಅಲ್ಲೇ ನಿಂತಿತು.

ಮೌನ ಮುಂದುವರಿದರೆ ನೇರವಾಗಿ ಅಳಿಸುವುದಕ್ಕಿಂತ ಮೊದಲು ಬಳಕೆದಾರನ ಕಣ್ಣಿಗೆ ಬೀಳುವಂತೆ ಎಚ್ಚರಿಕೆ ಕೊಡುವುದು ಒಳ್ಳೆಯದು. ಕೆಕಾನ್ಫಿಗ್ (ಬಿಲ್ಡ್ ಆಯ್ಕೆಗಳನ್ನು ಬರೆದಿಡುವ ಫೈಲ್) ವಿವರಣೆಯಲ್ಲಿ ಬರೆದರೆ ಕರ್ನಲ್ ಬಿಲ್ಡ್ ಮಾಡುವವರಿಗೆ ಮಾತ್ರ ಕಾಣುತ್ತದೆ. ಡ್ರೈವರ್ ಲೋಡ್ ಆದಾಗ ಅಥವಾ ಫೈಲ್ ಸಿಸ್ಟಮ್ ಮೌಂಟ್ ಆದಾಗ ಕರ್ನಲ್ ಲಾಗ್‌ನಲ್ಲಿ ಒಂದು ಸಾಲು ಮುದ್ರಿಸಿದರೆ ನಿಜವಾದ ಬಳಕೆದಾರನಿಗೆ ತಲುಪುತ್ತದೆ. ಸಾಲಿನಲ್ಲಿ ವರ್ಷ ಇರಲಿ. ‘ಮುಂದೆ ಎಂದಾದರೂ ತೆಗೆಯಲಾಗುವುದು’ ಅಂದರೆ ಯಾರೂ ಅಲುಗುವುದಿಲ್ಲ. ರೈಸರ್‌ಎಫ್‌ಎಸ್‌ಗೆ 5.18ರಲ್ಲೇ ಈ ಎಚ್ಚರಿಕೆ ಸೇರಿತು, 2025ರಲ್ಲಿ ತೆಗೆಯುತ್ತೇವೆ ಅಂತ ಹೇಳಿತು. ಕೋಡ್ ಹೋದದ್ದು 2025ರ ಜನವರಿಯಲ್ಲಿ ಬಿಡುಗಡೆಯಾದ 6.13ರಲ್ಲಿ. ಫೈಲ್ ಸಿಸ್ಟಮ್ ಅಂದರೆ ಜನರ ಡೇಟಾ, ಬೇರೆ ಡಿಸ್ಕಿಗೆ ಸಾಗಿಸಲು ಸಮಯ ಬೇಕು. ಡ್ರೈವರ್‌ಗೆ ಇಷ್ಟು ಉದ್ದದ ಗಡುವು ಬೇಕಿಲ್ಲ.

ಆ ಸಂಖ್ಯೆಗಳಲ್ಲಿ ಇನ್ನೊಂದು ಲೆಕ್ಕ ಅಡಗಿದೆ, ಹೊಸಬರು ಸಾಮಾನ್ಯವಾಗಿ ಗಮನಿಸದ ಲೆಕ್ಕ. 6.12 ದೀರ್ಘಾವಧಿ ಬೆಂಬಲದ ಆವೃತ್ತಿ. ಅದರ ಮುಂದಿನದರಲ್ಲಿ ರೈಸರ್‌ಎಫ್‌ಎಸ್ ಹೋಯಿತು. 6.6 ದೀರ್ಘಾವಧಿಯದು, ಇಟೇನಿಯಂ ಪ್ರೊಸೆಸರ್ ಬೆಂಬಲ 6.7ರಲ್ಲಿ ಹೋಯಿತು. ಹೀಗೆ ದೀರ್ಘಾವಧಿ ಆವೃತ್ತಿಯ ಬೆನ್ನಿಗೇ ತೆಗೆದರೆ, ಉಳಿದ ಒಬ್ಬಿಬ್ಬರು ಬಳಕೆದಾರರಿಗೆ ಭದ್ರತಾ ತಿದ್ದುಪಡಿ ಬರುವ ಕರ್ನಲ್ ಇನ್ನೂ ಕೆಲವು ವರ್ಷ ಸಿಗುತ್ತದೆ. ಸಾಮಾನ್ಯವಾಗಿ ವರ್ಷದ ಕೊನೆಯ ಆವೃತ್ತಿಯೇ ದೀರ್ಘಾವಧಿಗೆ ಆಯ್ಕೆಯಾಗುವುದರಿಂದ ಪ್ಯಾಚ್ ಕಳಿಸುವ ತಿಂಗಳನ್ನು ಮೊದಲೇ ಅಂದಾಜು ಮಾಡಬಹುದು. ಒಂದು ಆವೃತ್ತಿಗೆ ಒಂಬತ್ತು ಹತ್ತು ವಾರ, ಅದರಲ್ಲಿ ಹೊಸದನ್ನು ಒಳಗೆ ಬಿಡುವ ಬಾಗಿಲು ತೆರೆದಿರುವುದು ಮೊದಲ ಎರಡು ವಾರ ಮಾತ್ರ. ಅಷ್ಟರೊಳಗೆ ಪ್ಯಾಚ್ ಮೇಂಟೇನರ್ ಮರದಲ್ಲಿ, ಲಿನಕ್ಸ್-ನೆಕ್ಸ್ಟ್‌ನಲ್ಲಿ (ಮುಂದಿನ ಆವೃತ್ತಿಯ ಬದಲಾವಣೆಗಳನ್ನು ಕೂಡಿಸಿ ಪರೀಕ್ಷಿಸುವ ಮರ) ಕೆಲಕಾಲ ಕೂತಿರಬೇಕು.

ಈಗ ಪ್ಯಾಚ್. ಡ್ರೈವರ್‌ನ ಸಿ ಫೈಲ್ ಅಳಿಸುವುದು ಆರಂಭ ಮಾತ್ರ. ಐಎಸ್‌ಎ ನೆಟ್‌ವರ್ಕ್ ಕಾರ್ಡ್ ಆದರೆ ನೋಡಬೇಕಾದ ಜಾಗಗಳು ಇಷ್ಟು: ಅದೇ ಡೈರೆಕ್ಟರಿಯ ಕೆಕಾನ್ಫಿಗ್ ಮತ್ತು ಮೇಕ್‌ಫೈಲ್; ಬೂಟ್ ಸಮಯದಲ್ಲಿ ಹಳೆಯ ಕಾರ್ಡ್‌ಗಳನ್ನು ಒಂದೊಂದಾಗಿ ತಡಕುವ ‘ಸ್ಪೇಸ್.ಸಿ’ ಫೈಲಿನ ಪಟ್ಟಿ, ಅದರ ಹೆಡರ್‌ನಲ್ಲಿರುವ ಪ್ರೋಬ್ ಫಂಕ್ಷನ್ ಘೋಷಣೆ, ಆರ್ಕಿಟೆಕ್ಚರ್‌ಗಳ ಡೆಫ್‌ಕಾನ್ಫಿಗ್ (ಸಿದ್ಧ ಆಯ್ಕೆಗಳ) ಫೈಲ್‌ಗಳಲ್ಲಿ ಉಳಿದ ಸಾಲು, ಡಾಕ್ಯುಮೆಂಟೇಶನ್‌ನ ಪುಟ ಮತ್ತು ಅದನ್ನು ಸೇರಿಸಿಕೊಂಡ ಸೂಚಿ, ಕಮಾಂಡ್ ಲೈನ್ ಆಯ್ಕೆಗಳ ಪಟ್ಟಿ, ಮೇಂಟೇನರ್ಸ್ ನಮೂದು. ಸೂಚಿ ತಿದ್ದಲು ಮರೆತರೆ ಡಾಕ್ಯುಮೆಂಟೇಶನ್ ಬಿಲ್ಡ್ ಎಚ್ಚರಿಸುತ್ತದೆ. ಡೆಫ್‌ಕಾನ್ಫಿಗ್ ಮರೆತರೆ ಯಾರೂ ಎಚ್ಚರಿಸುವುದಿಲ್ಲ, ಸಾಲು ವರ್ಷಗಟ್ಟಲೆ ಕೊಳೆಯುತ್ತದೆ. ಡ್ರೈವರ್ ಬರೆದವರ ಹೆಸರನ್ನು ಕ್ರೆಡಿಟ್ಸ್ ಫೈಲ್‌ಗೆ ಸಾಗಿಸುವ ಪದ್ಧತಿ ಇದೆ. ಕಡ್ಡಾಯವಲ್ಲ, ಆದರೆ ಬಿಡಬೇಡಿ. ಇಷ್ಟು ವರ್ಷ ಓಡಿದ ಕೋಡ್ ಅದು.

ಅಳಿಸಬಾರದ್ದೂ ಇದೆ. ಯೂಸರ್‌ಸ್ಪೇಸ್‌ಗೆ (ಕರ್ನಲ್ ಹೊರಗಿನ ಪ್ರೋಗ್ರಾಂಗಳಿಗೆ) ಕಾಣುವ ಸಂಖ್ಯೆಗಳನ್ನು ಮುಟ್ಟಬೇಡಿ. ‘_ಸಿಸ್ಕಂಟ್ರೋಲ್’ ಸಿಸ್ಟಮ್ ಕಾಲ್ 5.5ರಲ್ಲೇ ಹೋದರೂ ಎಕ್ಸ್86-64ರಲ್ಲಿ ಅದರ ಸಂಖ್ಯೆ 156 ಖಾಲಿಯಾಗಿಯೇ ಉಳಿದಿದೆ. ಕರೆದರೆ ‘ಅಂಥ ಕಾಲ್ ಇಲ್ಲ’ ಅನ್ನುವ ದೋಷ ವಾಪಸ್ ಬರುತ್ತದೆ. ಅದೇ ಸಂಖ್ಯೆಯನ್ನು ಬೇರೆ ಕಾಲ್‌ಗೆ ಕೊಟ್ಟರೆ ಹಳೆಯ ಪ್ರೋಗ್ರಾಂ ಏನೋ ಕೇಳಿ ಇನ್ನೇನೋ ಮಾಡಿಸಿಬಿಡುತ್ತದೆ. ಡೆಕ್‌ನೆಟ್ ಅನ್ನುವ ನೆಟ್‌ವರ್ಕ್ ಪ್ರೋಟೋಕಾಲ್ 2022ರ 6.1ರಲ್ಲಿ ಹೋಯಿತು, ಆದರೆ ಸಾಕೆಟ್ ಕುಟುಂಬಗಳ ಪಟ್ಟಿಯಲ್ಲಿ ಅದರ 12 ಹಾಗೇ ಇದೆ.

ಪ್ಯಾಚ್ ತಯಾರಿಸುವಾಗ ‘ಫಾರ್ಮ್ಯಾಟ್-ಪ್ಯಾಚ್’ಗೆ ದೊಡ್ಡಕ್ಷರದ ‘-ಡಿ’ ಆಯ್ಕೆ ಕೊಟ್ಟರೆ ಅಳಿಸಿದ ಫೈಲಿನ ಸಾಲುಗಳು ಮುದ್ರಣವಾಗುವುದಿಲ್ಲ, ಓದುವವರಿಗೆ ಅನುಕೂಲ. ಆದರೆ ಅಂಥ ಪ್ಯಾಚನ್ನು ಯಾರೂ ತಮ್ಮ ಮರಕ್ಕೆ ಹಾಕಿಕೊಳ್ಳಲಾರರು, ಆ ಆಯ್ಕೆ ಓದಿಗೆ ಮಾತ್ರ. ಹಾಗೆ ಕಳಿಸಿದರೆ ಪೂರ್ತಿ ಕಮಿಟ್ ಇರುವ ಗಿಟ್ ಶಾಖೆಯ ವಿಳಾಸವನ್ನೂ ಕೊಡಿ. ಒಂದು ಕಮಿಟ್‌ಗೆ ಒಂದೇ ಡ್ರೈವರ್. ಐದನ್ನು ಒಟ್ಟಿಗೆ ತೆಗೆಯುವುದಿದ್ದರೂ ಐದು ಕಮಿಟ್ ಮಾಡಿ.

ಬಿಲ್ಡ್ ಪರೀಕ್ಷೆಗೆ ಆಲ್‌ಮಾಡ್‌ಕಾನ್ಫಿಗ್ ಒಂದೇ ಸಾಲದು. ಅದರಲ್ಲಿ ಎಲ್ಲವೂ ಆನ್ ಆಗಿರುವುದರಿಂದ ಅವಲಂಬನೆಯ ತೂತು ಕಾಣುವುದಿಲ್ಲ. ಉದಾಹರಣೆಗೆ 8390 ಚಿಪ್ ಬಳಸುವ ಹಲವು ಹಳೆಯ ಕಾರ್ಡ್‌ಗಳ ಡ್ರೈವರ್‌ಗಳು ಒಂದೇ ಹಂಚಿಕೆಯ ಕೋಡ್ ಬಳಸುತ್ತವೆ. ಒಂದನ್ನು ತೆಗೆದಾಗ ಹಂಚಿಕೆಯ ಫೈಲ್ ಉಳಿಯಲೇಬೇಕು, ಆದರೆ ಅದನ್ನು ಬಿಲ್ಡ್ ಮಾಡಿಸುವ ಮೇಕ್‌ಫೈಲ್ ಸಾಲು ಡ್ರೈವರ್ ಸಾಲಿನ ಜೊತೆಗೇ ಹೆಣೆದುಕೊಂಡಿರುತ್ತದೆ. ಇಂಥದ್ದು ಹೊರಗೆ ಬರುವುದು ಬೇರೆ ಬೇರೆ ರ್‍ಯಾಂಡ್‌ಕಾನ್ಫಿಗ್‌ಗಳಲ್ಲಿ, ಅಂದರೆ ಮನಬಂದಂತೆ ಆರಿಸಿದ ಆಯ್ಕೆಗಳಲ್ಲಿ, ಉಳಿದ ಡ್ರೈವರ್‌ಗಳನ್ನು ಒಂದೊಂದಾಗಿ ಮಾತ್ರ ಆನ್ ಮಾಡಿದಾಗ. ಬೇರೊಂದು ಆಯ್ಕೆ ಈ ಡ್ರೈವರನ್ನು ‘ಸೆಲೆಕ್ಟ್’ ಮಾಡುತ್ತಿತ್ತೇ ಅಂತಲೂ ನೋಡಿ. ಇಲ್ಲದ ಸಿಂಬಲ್ ಸೆಲೆಕ್ಟ್ ಮಾಡಿದರೆ ಕೆಕಾನ್ಫಿಗ್ ಗಲಾಟೆ ಮಾಡದೆ ಮುಂದೆ ಹೋಗುತ್ತದೆ. ಮೇಲೆ ಹೇಳಿದ ಸಿಂಬಲ್ ಸ್ಕ್ರಿಪ್ಟನ್ನು ಈಗ ಮತ್ತೊಮ್ಮೆ ಓಡಿಸಲು ಇದೇ ಕಾರಣ.

ಡ್ರೈವರ್ ಹೋದ ಮೇಲೆ ಅದೊಂದೇ ಕರೆಯುತ್ತಿದ್ದ ಸಹಾಯಕ ಫಂಕ್ಷನ್‌ಗಳು ಅನಾಥವಾಗುತ್ತವೆ. ಅವನ್ನು ಅದೇ ಪ್ಯಾಚ್‌ನಲ್ಲಿ ತುರುಕಬೇಡಿ, ಮುಂದಿನ ಆವೃತ್ತಿಗೆ ಬಿಡಿ. ಯಾಕೆಂದರೆ ತೆಗೆದದ್ದು ವಾಪಸ್ ಬರುವುದುಂಟು. ಎಚ್8300 ಆರ್ಕಿಟೆಕ್ಚರ್ 3.13ರಲ್ಲಿ ಹೋಯಿತು, 2015ರ 4.2ರಲ್ಲಿ ಶುದ್ಧ ರೂಪದಲ್ಲಿ ಮರಳಿತು, ಮತ್ತೆ ನೋಡಿಕೊಳ್ಳುವವರಿಲ್ಲದೆ 2022ರ 5.19ರಲ್ಲಿ ಎರಡನೇ ಸಲ ಹೋಯಿತು.

ದೂರು ಬರುವುದಿದ್ದರೆ ಬಿಡುಗಡೆಯ ದಿನ ಬರುವುದಿಲ್ಲ, ದೀರ್ಘಾವಧಿ ಕರ್ನಲ್‌ನಲ್ಲಿದ್ದವರು ಮುಂದಿನದಕ್ಕೆ ಏರಿದಾಗ ಬರುತ್ತದೆ. ಅಷ್ಟರಲ್ಲಿ ಇಂಟರ್‌ಫೇಸ್‌ಗಳು ಬದಲಾಗಿ ‘ರಿವರ್ಟ್’ (ಅಳಿಸಿದ ಕಮಿಟನ್ನು ಹಿಂದೆಗೆಯುವುದು) ನೇರವಾಗಿ ಕೂರದಿರಬಹುದು. ನಿಮ್ಮ ಕಾರ್ಡ್‌ನ ಡ್ರೈವರ್ ಹೀಗೆ ಮಾಯವಾಗಿದ್ದರೆ ‘ಗಿಟ್ ಲಾಗ್’ಗೆ ಡಿಫ್ ಫಿಲ್ಟರ್ ‘ಡಿ’ ಕೊಟ್ಟು ಹಳೆಯ ಫೈಲಿನ ಹಾದಿಯನ್ನು ಕೇಳಿ, ಅಳಿಸಿದ ಕಮಿಟ್ ಸಿಗುತ್ತದೆ. ಅದನ್ನು ರಿವರ್ಟ್ ಮಾಡಿ, ಮುರಿದದ್ದನ್ನು ಅದರ ಮೇಲೆ ಪ್ರತ್ಯೇಕ ಪ್ಯಾಚ್‌ಗಳಾಗಿ ತಿದ್ದಿ, ಕಾರ್ಡ್ ಹಾಕಿ ಬೂಟ್ ಮಾಡಿದ ಕರ್ನಲ್ ಲಾಗ್ ಜೊತೆ ಕಳಿಸಿ. ಮೇಂಟೇನರ್ಸ್ ಫೈಲ್‌ನ ನಮೂದಿನಲ್ಲಿ ಈ ಸಲ ನಿಮ್ಮ ಹೆಸರು ಇರಬೇಕಾಗುತ್ತದೆ.